ನೀರಿನ ಮಂತ್ರಿಯ ರಾಜೀನಾಮೆ

ಆ ವರ್ಷ ಒಂಬತ್ತನೇ ಇಯತ್ತೆಯ ಮಕ್ಕಳಿಗೆ ನಾನೊಂದು ಮಾತು ಕೊಟ್ಟೆ. ಸಮಾಜಸೇವೆಗೆ ಯಾವ ಕೆಲಸ ಮಾಡಬೇಕೆಂದು ನೀವೇ ಮತ ಹಾಕಿ ಆರಿಸಿರಿ, ನೀವು ಆರಿಸಿದ್ದನ್ನು ನಾನು ಬದಲಿಸುವುದಿಲ್ಲ ಎಂದು. ಹಾಗೆ ಹೇಳುವಾಗ ನನ್ನ ತಲೆಯಲ್ಲಿ ಇದ್ದದ್ದು ಬೇವಿನ ಸಸಿಗಳು. ರಾಯಬಾಗದಿಂದ ಸಸಿ ತರುವುದು, ಗುಂಡಿ ತೋಡಿಸುವುದು, ಮುಖ್ಯಾಧ್ಯಾಪಕರು ನೀರು ಹಾಕುವ ಫೋಟೋ ತೆಗೆಸುವುದು, ಅಲ್ಲಿಗೆ ಮುಗಿಯಿತು. ಮಕ್ಕಳೂ ಅದನ್ನೇ ಆರಿಸುತ್ತಾರೆಂದು ನಂಬಿದ್ದೆ. ಸಸಿ ಬಿಟ್ಟು ಬೇರೆ ಸಮಾಜಸೇವೆ ಅವರು ನೋಡಿಯೇ ಇರಲಿಲ್ಲ.

ಇದು ಎಂಬತ್ತರ ದಶಕದ ಕೊನೆಯ ಮಾತು. ಅಲಖನೂರ, ಪಾಲಬಾವಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇತಿಹಾಸ ಮತ್ತು ಪೌರನೀತಿ ಕಲಿಸುತ್ತಿದ್ದೆ. ಪೌರನೀತಿಯನ್ನು ಪುಸ್ತಕ ಹಿಡಿದು ಓದಿದರೆ ಅರ್ಧ ವರ್ಗ ಮಲಗುತ್ತಿತ್ತು. ಅದಕ್ಕಾಗಿ ವರ್ಗದಲ್ಲೇ ಒಂದು ಮಂತ್ರಿಮಂಡಲ ಮಾಡಿಸಿದ್ದೆ. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಪ್ರಧಾನಿಯಾಗಿ ಗೆದ್ದಿದ್ದಳು. ಚಿಕ್ಕಂದಿನಿಂದ ಹಿಂಡು ಕೂಗಿ ಕರೆದು ಅವಳ ಗಂಟಲು ಹೇಗಾಗಿತ್ತೆಂದರೆ, ಅವಳು 'ಶಾಂತಿ' ಎಂದರೆ ಪಕ್ಕದ ವರ್ಗದ ಗಣಿತದ ಮಾಸ್ತರರೂ ಪಾಠ ನಿಲ್ಲಿಸುತ್ತಿದ್ದರು. ಕುಡಿಯುವ ನೀರಿನ ಖಾತೆ ಬೌದ್ಧರ ಓಣಿಯ, ಅಂದರೆ ಬೌದ್ಧರಾದ ದಲಿತರ ಓಣಿಯ, ಹುಡುಗನದು. ಅವನ ತಂದೆ ರೈಲ್ವೆಯಲ್ಲಿ ಗ್ಯಾಂಗಮನ್. ಶಾಲೆಯ ಮಣ್ಣಿನ ದೊಡ್ಡ ಹರವಿಯನ್ನು ದಿನಾ ತಿಕ್ಕಿ, ತುಂಬಿ, ಬಟ್ಟೆ ಕಟ್ಟಿ ಇಡುವುದು ಅವನ ಕೆಲಸ. ಉದ್ದ ಹಿಡಿಕೆಯ ಸೌಟಿಲ್ಲದೆ ಹರವಿಗೆ ಕೈ ಹಾಕಿದರೆ ಮಾಸ್ತರರನ್ನೂ ಬಿಡುತ್ತಿರಲಿಲ್ಲ. ವಿರೋಧ ಪಕ್ಷದ ನಾಯಕ ಟ್ರ್ಯಾಕ್ಟರ್ ಇದ್ದ ಕಬ್ಬಿನ ಮನೆಯ ಹುಡುಗ. ಎಲ್ಲವನ್ನೂ ವಿರೋಧಿಸುವುದು ತನ್ನ ಧರ್ಮವೆಂದು ತಿಳಿದಿದ್ದ. ಅರ್ಧ ದಿನ ಸೂಟಿ ಕೊಡುತ್ತೇನೆಂದರೆ ಅದನ್ನೂ ವಿರೋಧಿಸಿ ಗೆಳೆಯರಿಂದ ಗುದ್ದು ತಿಂದಿದ್ದ.

ಕೆಲಸ ಆರಿಸುವ ದಿನ ಮೊದಲು ಎದ್ದವನೂ ಅವನೇ.

“ಸಕ್ಕರಿ ಕಾರ್ಖಾನಿ ನೋಡಾಕ ಹೋಗೂಣ್ರಿ ಸರ.”

“ಅದು ಸಮಾಜಸೇವೆ ಹ್ಯಾಂಗಾತು?”

“ಕಾರ್ಖಾನ್ಯಾಗಿನ ಮಂದಿಗೆ ಬ್ಯಾಸರ ಬಂದಿರ್ತೈತ್ರಿ. ನಾವು ಹೋದ್ರ ಅವರಿಗೆ ಹುರುಪು ಬರ್ತೈತಿ.”

ಕ್ರಿಕೆಟ್ ಮೈದಾನ ಸಮ ಮಾಡುವುದು ಸಮಾಜಸೇವೆ ಎಂದು ಇನ್ನೊಬ್ಬ ಹೇಳಿದ. ಬೇವಿನ ಸಸಿಯ ಹೆಸರನ್ನು ಯಾರೂ ಎತ್ತಲಿಲ್ಲ. ಕೊನೆಗೆ ಪ್ರಧಾನಿ ಎದ್ದು ನಿಂತು ತನ್ನ ಆಯಿಯ, ಅಂದರೆ ಅಜ್ಜಿಯ, ಮಾತು ತೆಗೆದಳು.

“ನಮ್ಮ ಆಯಿಗೆ ಕಣ್ಣ ಕಾಣವಲ್ವು. ಮೊನ್ನೆ ಸಂಜೀಕ ಆಡು ಅಂತ ತಿಳಿದು ನಾಯಿ ಹಿಂಡಾಕ ಕುಂತಿದ್ಳು. ನಾಯಿ ಪಾಪ, ಸುಮ್ಮನ ನಿಂತಿತ್ತು.”

ವರ್ಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ನಗು ಮುಗಿಯುವವರೆಗೆ ಅವಳು ನಿಂತೇ ಇದ್ದಳು.

“ಮನ್ಯಾಗೂ ಎಲ್ಲಾರೂ ಹಿಂಗ ನಕ್ರು. ಆಯಿ ಒಳಗ ಹೋಗಿ ಅತ್ಲು. ಚಿಕ್ಕೋಡ್ಯಾಗ ಕಣ್ಣಿನ ಆಪರೇಷನ್ ಮಾಡ್ತಾರಂತ. ಊರಾಗಿನ ಮುದುಕರನ್ನ ಕರಕೊಂಡು ಹೋಗೂದ ನಮ್ಮ ಕೆಲಸಾ ಆಗಲಿ.”

ಆಮೇಲೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: “ಚಿಕ್ಕೋಡಿಗೆ ನಾವೂ ಹೋಗೂದೇನ?” ಹೌದೆಂದು ತಿಳಿದ ಕೂಡಲೇ ಕ್ರಿಕೆಟ್ ಪಕ್ಷ ಒಡೆಯಿತು. ಮುದುಕರ ಕಣ್ಣು ಗೆದ್ದವು. ಎಷ್ಟು ಮತ ಕರುಣೆಗೆ ಬಿದ್ದವು, ಎಷ್ಟು ಚಿಕ್ಕೋಡಿ ಪ್ರವಾಸಕ್ಕೆ ಬಿದ್ದವು ಎಂಬುದನ್ನು ನಾನು ವಿಚಾರಿಸಲು ಹೋಗಲಿಲ್ಲ.

ಚಿಕ್ಕೋಡಿಯಲ್ಲಿ ಒಂದು ಧರ್ಮಶಾಲೆಯಲ್ಲಿ ಪ್ರತಿ ಚಳಿಗಾಲ ಉಚಿತ ಶಿಬಿರ ನಡೆಯುತ್ತಿತ್ತು. ನಾನು ಅಲ್ಲಿಗೆ ಹೋಗಿ ವಿಚಾರಿಸಿದಾಗ, ಅಂಕಲಿಯ ಒಬ್ಬ ನೇತ್ರ ಸಹಾಯಕರು ಒಂದು ದಿನ ಶಾಲೆಗೆ ಬಂದು ತಪಾಸಣೆಯ ಕ್ರಮ ಕಲಿಸಿಕೊಡಲು ಒಪ್ಪಿದರು. ಒಂದು ಕಣ್ಣು ಮುಚ್ಚಿಸಬೇಕು, ಆರು ಹೆಜ್ಜೆ ದೂರ ನಿಂತು ಬೆರಳು ತೋರಿಸಬೇಕು, ಹೇಳದಿದ್ದರೆ ಮುಂದೆ ಮುಂದೆ ಬರುತ್ತ ತೋರಿಸಬೇಕು. ಆಮೇಲೆ ಬ್ಯಾಟರಿ ಬಿಟ್ಟು ನೋಡಬೇಕು. ಕರಿ ಗುಡ್ಡೆಯ ನಡುವೆ ಮುತ್ತಿನ ಹಾಗೆ ಬೆಳ್ಳಗೆ ಕಂಡರೆ ಪೊರೆ ಹಣ್ಣಾಗಿದೆ, ಆಪರೇಷನ್ ಮಾಡಬಹುದು. ಬೂದಿ ಬಣ್ಣವಿದ್ದರೆ ಇನ್ನೂ ಹಣ್ಣಾಗಿಲ್ಲ. ಬಿಳುಪೂ ಇಲ್ಲ, ಕಣ್ಣೂ ಕಾಣುವುದಿಲ್ಲವೆಂದರೆ ರೋಗ ಒಳಗಿದೆ, ಡಾಕ್ಟರೇ ನೋಡಬೇಕು.

ಮಕ್ಕಳು ಇದನ್ನು ಮಾವಿನ ಹಣ್ಣಿನ ವ್ಯಾಪಾರದಂತೆ ತಿಳಿದುಕೊಂಡರು. ಮಂತ್ರಿಗಳು ಅರೆ ಮಾಗಿದ ಕಣ್ಣಿಗೆ ದ್ವಾರಗಾಯಿ ಎಂದು ಹೆಸರಿಟ್ಟು ಓಣಿಯಲ್ಲಿ ನಿಂತು ಕೂಗುತ್ತಿದ್ದರು: “ಸರ, ಈ ಮುತ್ಯಾಂದು ಒಂದು ಹಣ್ಣು, ಒಂದು ದ್ವಾರಗಾಯಿ!”

ಮುದುಕರು ಮಾತ್ರ ಸುಲಭಕ್ಕೆ ಬಗ್ಗುವವರಾಗಿರಲಿಲ್ಲ. ಕಣ್ಣು ಕಾಣುವುದಿಲ್ಲವೆಂದು ಒಪ್ಪಿದರೆ ಮನೆಯಲ್ಲಿ ಕೀಲಿಕೈ ಕಸಿದುಕೊಳ್ಳುತ್ತಾರೆಂಬ ಹೆದರಿಕೆ ಅವರಿಗೆ. ಒಬ್ಬಜ್ಜ ಎಲ್ಲದಕ್ಕೂ “ಮೂರು” ಎನ್ನುತ್ತಿದ್ದ. ಹುಡುಗರು ಮೊದಲು ಮೂರು ಬೆರಳನ್ನೇ ತೋರಿಸುತ್ತಾರೆಂಬ ಸುದ್ದಿ ಓಣಿಯಲ್ಲಿ ಹಬ್ಬಿಬಿಟ್ಟಿತ್ತು. ಕಾಗವಾಡ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮರಾಠಿ ಮುದುಕಿ “ಮಲಾ ಸಗಳಂ ದಿಸತಂಯ” ಎಂದು, ತನಗೆ ಎಲ್ಲ ಕಾಣಿಸುತ್ತದೆಂದು, ಬಹಳ ಗತ್ತಿನಿಂದ ಹೇಳಿದಳು. ಹೇಳಿದ್ದು ನನಗಲ್ಲ, ನನ್ನ ಪಕ್ಕದ ಕಂಬಕ್ಕೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಎದ್ದಿತು. ನಿಪ್ಪಾಣಿಯಲ್ಲಿ ಯಾರಿಗೋ ಕಣ್ಣು ಕಿತ್ತು ಹೋತಿನ ಕಣ್ಣು ಹಾಕಿದ್ದಾರಂತೆ, ಆ ಮನುಷ್ಯ ಈಗ ಸೊಪ್ಪು ಕಂಡರೆ ನಿಂತುಬಿಡುತ್ತಾನಂತೆ. ಒಂದೇ ದಿನದಲ್ಲಿ ಅರ್ಧ ಮಂದಿ ಹಿಂದೆ ಸರಿದರು. ಪ್ರಧಾನಿಯ ಆಯಿ ಮಾತ್ರ ಅಂಜಲಿಲ್ಲ. “ಹೋತಿಂದ ಹಾಕಲಿ ಬಿಡವ್ವ, ಚೊಲೋನ ಆತು. ಕತ್ತಲ್ಯಾಗೂ ಕಾಣ್ತೈತಿ” ಎಂದಳು. ಜೀವನವಿಡೀ ಹೋತುಗಳ ಜೊತೆ ಇದ್ದವಳ ಮಾತೆಂದು ನಾಲ್ಕು ಮಂದಿ ಮರಳಿ ಬಂದರು.

ಈ ಗದ್ದಲದ ನಡುವೆ ಪಂಚರಜ್ಜ ನನಗೆ ಹೇಳಿ ಕಳಿಸಿದರು. ಪಂಚರಜ್ಜರೆಂದರೆ ವಿರೋಧ ಪಕ್ಷದ ನಾಯಕನ ಮುತ್ಯಾ. ಹೊಲದ ಬದುವಿನಿಂದ ಗಂಡ ಹೆಂಡಿರ ಜಗಳದವರೆಗೆ ಊರಿನ ನ್ಯಾಯವೆಲ್ಲ ಅವರ ಕಟ್ಟೆಯ ಮೇಲೇ ತೀರುತ್ತಿತ್ತು. ಅವರ ಎರಡೂ ಕಣ್ಣು ಹಣ್ಣಾಗಿದ್ದವು. ನನ್ನ ಹೆಜ್ಜೆಯ ಸಪ್ಪಳ ಕೇಳಿ, ಕೂಡ್ರಿ ಎಂದೂ ಅನ್ನದೆ ಕೇಳಿದರು.

“ಮಾಸ್ತರ, ನಿಮ್ಮ ಸಾಲ್ಯಾಗ ಮತಾ ಹಾಕೂದು ಕಲಸ್ತೀರಂತ.”

“ಹೌದ್ರಿ ಅಜ್ಜಾರ.”

“ಕಣ್ಣು ಯಾರ್ವು?”

“ನಿಮ್ಮವ್ರಿ.”

“ಮತ್ತ ಹುಡುಗರು ಮತಾ ಹಾಕಿ ನಮ್ಮ ಕಣ್ಣ ಕೊಯ್ಸಾಕ ಠರಾವ ಮಾಡ್ಯಾರಲ್ಲ, ನಮ್ಮನ್ನ ಒಂದು ಮಾತ ಕೇಳೀರೇನು?”

ಮರುದಿನ ವರ್ಗದಲ್ಲಿ ಅದನ್ನೇ ಇಟ್ಟೆ. ಪ್ರಧಾನಿ ಸ್ವಲ್ಪ ಹೊತ್ತು ಉಗುರು ಕಡಿದಳು. “ಖರೇನ ಐತ್ರಿ ಸರ. ಅವರನ್ನೂ ಸಭಾಕ್ಕ ಕರಿಯೂಣು. ಅವರೂ ಮತಾ ಹಾಕಲಿ.” ವಿರೋಧ ಪಕ್ಷದ ನಾಯಕ ಎದ್ದು ತಾನು ವಿರೋಧಿಸುತ್ತೇನೆಂದ. ಯಾಕೆ ಎಂದು ಕೇಳಿದಾಗ ಕಾರಣ ಸಿಗದೆ ಕೂತ.

ರವಿವಾರ ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಹದಿನೈದಿಪ್ಪತ್ತು ಮುದುಕ ಮುದುಕಿಯರು ಗೋಡೆಗೆ ಒರಗಿ ಕೂತರು. ಅವರ ಬೇಡಿಕೆಗಳು ಒಂದೊಂದಾಗಿ ಬಂದವು. ತಾವಿಲ್ಲದಾಗ ಎಮ್ಮೆ, ಆಡುಗಳನ್ನು ಮಕ್ಕಳು ನೋಡಿಕೊಳ್ಳಬೇಕು. ಮರಾಠಿ ಮುದುಕಿಯ ಹತ್ತಿರ ಮರಾಠಿ ಬರುವ ಹುಡುಗಿಯನ್ನೇ ಇಡಬೇಕು. ತಂಬಾಕಿಗೆ ಅಡ್ಡಿ ಮಾಡಬಾರದು. ಬಿದ್ದರೆ ಯಾರೂ ನಗಬಾರದು. ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಕೊನೆಗೆ ಪಂಚರಜ್ಜರು ತಮ್ಮ ಮಾತು ಹೇಳಿದರು.

“ಎರಡು ಹರವಿ ಇಡ್ರಿ. ನಮ್ಮ ಮಂದೀಗೆ ಬ್ಯಾರೆ, ಆ ಓಣಿ ಮಂದೀಗೆ ಬ್ಯಾರೆ. ನೀರ ಕೊಡಾವನೂ ಬ್ಯಾರೆ ಇರ್ಲಿ.”

ನೀರಿನ ಮಂತ್ರಿ ಅಲ್ಲೇ ಸೌಟು ಹಿಡಿದು ನಿಂತಿದ್ದ. ಅವನ ಸ್ವಂತ ಆಯಿಯೂ ಆ ಗೋಡೆಗೇ ಒರಗಿ ಕೂತಿದ್ದಳು. ನಾನು ಪ್ರಧಾನಿಯ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

“ಅಜ್ಜಾರ ಸೂಚನೆ ಬಂದೈತಿ. ಮತಕ್ಕ ಹಾಕ್ತೀನಿ” ಎಂದಳು.

ಆಗ ಅವಳ ಆಯಿ ಬಾಯಿ ಹಾಕಿದಳು. “ಅಲ್ಲೋ ಯಜಮಾನ, ಎರಡು ಹರವಿ ಇಟ್ರ ಯಾವದು ಯಾರದಂತ ಕಾಣೂದು ಯಾರಿಗೆ? ಎಲ್ಲಾರ ಕಣ್ಣಿಗೂ ಪಟ್ಟಿ ಕಟ್ಟಿರ್ತಾರ. ತಡಕಾಡಿಕೋತ ಹೋಗಿ ಅವರ ಹರವಿ ನಾವು ಒದಿತೀವಿ, ನಮ್ಮ ಹರವಿ ಅವರು ಒದಿತಾರ. ಆಪರೇಷನ್ ಬಿಟ್ಟು ಅದೊಂದು ಜಗಳಾ.”

ಕಾಣದವರು ಚೀಟಿ ಹೇಗೆ ಹಾಕುತ್ತಾರೆಂಬ ತೊಡಕು ಬಂತು. ಕೈ ಎತ್ತಿಸಿದರೆ ಪಂಚರಜ್ಜರ ಎದುರು ಯಾರು ಎತ್ತುತ್ತಾರೆ? ಮಕ್ಕಳು ಹೊರಗೆ ಹೋಗಿ ಗುಸುಗುಸು ಮಾಡಿ ಬಂದು ಹೊಸ ಕ್ರಮ ಹೇಳಿದರು. ಪ್ರತಿಯೊಬ್ಬರಿಗೂ ಒಂದು ಜೋಳದ ಕಾಳು, ಒಂದು ಕಡಲೆ. ಒಂದೇ ಹರವಿ ಸಾಕೆಂದವರು ಜೋಳವನ್ನು, ಎರಡು ಬೇಕೆಂದವರು ಕಡಲೆಯನ್ನು ಸಣ್ಣ ಬಾಯಿಯ ಗಡಿಗೆಯೊಳಗೆ ಹಾಕಬೇಕು. ಉಳಿದ ಕಾಳನ್ನು ಮುಚ್ಚಿದ ಬುಟ್ಟಿಗೆ ಹಾಕಬೇಕು. ಬೆರಳಿಗೆ ಸಿಕ್ಕರೆ ಸಾಕು, ಯಾವುದು ಜೋಳ ಯಾವುದು ಕಡಲೆ ಎಂದು ಹೇಳಲು ಆ ಜನಕ್ಕೆ ಕಣ್ಣು ಬೇಕಾಗಿರಲಿಲ್ಲ. ಮಕ್ಕಳದೂ ಮತವಿತ್ತು. ಗಡಿಗೆ ಸಾಲಾಗಿ ಎಲ್ಲರ ಮುಂದೆ ಹೋಯಿತು. ‘ಮೂರು’ ಎನ್ನುತ್ತಿದ್ದ ಅಜ್ಜನ ಮುಂದೆ ಬಂದಾಗ ಕಟುಮ್ ಎಂಬ ಸಪ್ಪಳವಾಯಿತು.

“ಸರ, ಈ ಮುತ್ಯಾ ಮತಾ ತಿಂದ!”

“ಹಲ್ಲ ಅದಾವೋ ಇಲ್ಲೋ ನೋಡಿದೆ” ಎಂದ ಅಜ್ಜ.

ತಿಂದ ಮತವನ್ನು ಏನು ಮಾಡಬೇಕೆಂದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಕೈಯಲ್ಲಿ ಉಳಿದ ಜೋಳವನ್ನು ಗಡಿಗೆಗೆ ಹಾಕಬಹುದೆಂದು ಪ್ರಧಾನಿ ತೀರ್ಪು ಕೊಟ್ಟಳು. ವಿರೋಧ ಪಕ್ಷ ಆಕ್ಷೇಪ ಎತ್ತಿತು. ಕೊನೆಗೆ ಆ ಮತವನ್ನು ಬಿಟ್ಟೇ ಎಣಿಸಿದರು. ಹಾಸಿದ ಗೋಣಿಚೀಲದ ಮೇಲೆ ಗಡಿಗೆ ಬೋರಲು ಮಾಡಿದಾಗ ಜೋಳವೇ ಹೆಚ್ಚಿತ್ತು.

ಪಂಚರಜ್ಜರು ಕೋಲು ಹುಡುಕಿ ಎದ್ದರು. “ಹಂಗಾರ ನಾ ಬರಾಂಗಿಲ್ಲ. ನಮ್ಮ ಟ್ರ್ಯಾಕ್ಟರೂ ಬರಾಂಗಿಲ್ಲ” ಎಂದು ಹೇಳಿ, ಮೊಮ್ಮಗನ ಹೆಗಲ ಮೇಲೆ ಕೈ ಇಟ್ಟು ನಡೆದುಬಿಟ್ಟರು. ಚಿಕ್ಕೋಡಿಗೆ ಹೋಗಲು ನಾವು ನಂಬಿದ್ದು ಆ ಟ್ರ್ಯಾಕ್ಟರಿನ ಟ್ರಾಲಿಯನ್ನೇ.

ಮುಖ್ಯಾಧ್ಯಾಪಕರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ, ಗದ್ದಲವೆಂದರೆ ಅಂಜುತ್ತಿದ್ದರು. “ಎರಡು ಹರವಿ ಇಟ್ಟುಬಿಡ್ರಿ ಮಾಸ್ತರ. ಯಾರ ಗಂಟು ಹೋಗ್ತೈತಿ? ನಿಮ್ಮ ಪೌರನೀತಿ ದೊಡ್ಡದೋ, ಅಷ್ಟು ಮುದುಕರ ಕಣ್ಣು ದೊಡ್ಡವೋ?” ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಎರಡು ದಿನ ಊಟ ಮಾಡಿದೆ, ಪಾಠ ಮಾಡಿದೆ, ಗೋಡೆಗೆ ಸುಣ್ಣ ಹಚ್ಚುವವನ ಜೊತೆ ಜಗಳವಾಡಿದೆ. ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಅದೇ ನನ್ನ ತೊಂದರೆ. ಮೂರನೇ ದಿನ ವರ್ಗಕ್ಕೆ ಹೋಗುವಾಗ, ಮತ್ತೊಮ್ಮೆ ಮತ ಹಾಕಿಸೋಣವೇ ಎಂದು ಕೇಳುವ ಮನಸ್ಸು ಮಾಡಿಯೇ ಹೋಗಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ನೀರಿನ ಮಂತ್ರಿ ಎದ್ದ.

“ಸರ, ನಾ ರಾಜೀನಾಮೆ ಕೊಡ್ತೀನ್ರಿ.”

“ಯಾಕ?”

“ನಾ ನೀರ ಕೊಡ್ತೀನಂತ ಅಜ್ಜಾರು ಬರವಲ್ಲರು. ಅವರು ಬರದಿದ್ರ ಟ್ರಾಲಿ ಬರಾಂಗಿಲ್ಲ. ನಮ್ಮ ಆಯೀನೂ ಹೋಗಾಕಿ ಅದಾಳ. ಆಕಿಗೆ ಬಸ್ ಹತ್ತಾಕ ಆಗಾಂಗಿಲ್ಲ. ಬ್ಯಾರೆ ಯಾರರ ಮಂತ್ರಿ ಆಗ್ಲಿ.”

ಹೇಳಿ ಮುಗಿಸಿ ಸೌಟನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಶಾಲೆಯ ಸೌಟು ಅದು. ಖಾತೆ ಬಿಡುವವನು ಒಪ್ಪಿಸಿ ಹೋಗಬೇಕೆಂದು ಅವನಿಗೆ ಅನಿಸಿರಬೇಕು. ಅದನ್ನು ನೋಡುತ್ತ ನಿಂತಾಗ ನಾನು ಕೇಳಬೇಕೆಂದಿದ್ದ ಪ್ರಶ್ನೆಯ ರುಚಿ ನನಗೇ ಕೆಟ್ಟಿತು. ನಾನು ಮರುಮತವೆಂದು ಚಂದದ ಹೆಸರಿಟ್ಟುಕೊಂಡು ತಂದದ್ದನ್ನೇ ಆ ಹುಡುಗ ನೇರವಾಗಿ ಮೇಜಿನ ಮೇಲೆ ಇಟ್ಟಿದ್ದ.

“ರಾಜೀನಾಮೆ ಸ್ವೀಕಾರ ಮಾಡೂದು ನಾನಲ್ಲ, ಸಭಾ” ಎಂದೆ. ಅದು ನಮ್ಮದೇ ನಿಯಮ.

ವಿರೋಧ ಪಕ್ಷದ ನಾಯಕ ಎದ್ದ. ಅಜ್ಜನ ಪರವಾಗಿ ಮಾತಾಡುತ್ತಾನೆಂದು ಎಲ್ಲರೂ ಮುಖ ತಿರುಗಿಸಿದರು.

“ನಾ ವಿರೋಧ ಮಾಡ್ತೀನ್ರಿ.”

“ಏನನ್ನ?”

“ಈ ರಾಜೀನಾಮಾನ. ತಪ್ಪು ಹುಡುಕೂದ ನನ್ನ ಕೆಲಸ್ರಿ. ವರ್ಷೆಲ್ಲಾ ಇವನ ಹರವ್ಯಾಗ ಹುಡುಕೀನಿ. ಒಂದು ದಿನ ಹುಳಾ ಇಲ್ಲ, ಕಸಾ ಇಲ್ಲ. ತಪ್ಪು ಮಾಡದಾವ ಯಾಕ ಬಿಡಬೇಕು? ನಮ್ಮ ಮುತ್ಯಾ ಸೋತಾನ. ಸೋತವಗ ಸಿಟ್ಟ ಬರ್ತೈತಿ. ಕಾರ್ಖಾನಿ ಸೋತಾಗ ನನಗೂ ಬಂದಿತ್ತು.”

ಆ ವರ್ಷ ಅವನು ಮಾಡಿದ ವಿರೋಧಗಳಲ್ಲಿ ಗೆದ್ದದ್ದು ಅದೊಂದೇ. ರಾಜೀನಾಮೆಗೆ ಒಂದು ಕೈಯೂ ಏಳಲಿಲ್ಲ. ನೀರಿನ ಮಂತ್ರಿ ತನ್ನ ಕೈಯನ್ನು ಅರ್ಧ ಎತ್ತಿ, ಸುತ್ತ ನೋಡಿ, ಕೆಳಗಿಳಿಸಿದ. ನಾನು ಸೌಟನ್ನು ಅವನಿಗೆ ಮರಳಿ ಕೊಟ್ಟೆ. ಮರುಮತದ ಮಾತು ಎತ್ತಲಿಲ್ಲ. ಮುಖ್ಯಾಧ್ಯಾಪಕರ ಕೋಣೆಗೆ ಹೋಗಿ, ಒಂದೇ ಹರವಿ, ಬಸ್ಸಿನಲ್ಲಿ ಹೋಗುತ್ತೇವೆ, ಬಸ್ ಹತ್ತಲಾಗದವರನ್ನು ನಾವು ಎತ್ತಿ ಹತ್ತಿಸುತ್ತೇವೆ ಎಂದೆ. ಅವರು “ಫೋಟೋದವನಿಗೆ ಹೇಳೀರಿಲ್ಲೋ?” ಎಂದು ಕೇಳಿದರು. ಅದು ಅವರ ಒಪ್ಪಿಗೆ.

ಹೊರಡುವ ಮುಂಜಾನೆ ಬಸ್ ನಿಲ್ಲುವ ಜಾಗದಲ್ಲಿ ಒಂದು ಉದ್ದ ಹಗ್ಗ ಹಿಡಿದು ಮುದುಕರೆಲ್ಲ ಸಾಲಾಗಿ ನಿಂತಿದ್ದರು. ಹಗ್ಗದ ತುದಿ ಪ್ರಧಾನಿಯ ಕೈಯಲ್ಲಿತ್ತು. ಅವಳು ಹಿಂಡು ಕರೆಯುವ ದನಿಯಲ್ಲೇ “ನಡೀರಿ, ನಡೀರಿ, ಹೊರಳಬ್ಯಾಡ್ರಿ” ಎನ್ನುತ್ತಿದ್ದಳು. ಬಸ್ ಬಂತು, ಕಂಡಕ್ಟರ್ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿ, ಸೀಟಿ ಊದಿದ. ಬಸ್ ಹೋಗೇಬಿಟ್ಟಿತು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಮರಾಠಿ ಮುದುಕಿ, ಬಸ್ಸಿನೊಳಗೆ ಬಂದಾಗಿದೆ ಎಂದು ತಿಳಿದು, ಗಾಳಿ ಚೆನ್ನಾಗಿ ಬೀಸುತ್ತಿದೆ ಎಂದಳು.

ನಾವು ದಿಕ್ಕೆಟ್ಟು ನಿಂತಿದ್ದಾಗ ಕಬ್ಬಿನ ಮನೆಯ ಟ್ರ್ಯಾಕ್ಟರ್ ಸಪ್ಪಳ ಕೇಳಿಸಿತು. ಟ್ರಾಲಿಯಲ್ಲಿ ಹುಲ್ಲು ಹಾಸಿ, ನಡುವೆ ಪಂಚರಜ್ಜರು ಪಟಗಾ ಸುತ್ತಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗ.

“ಇಂವಾ ಮೂರು ದಿನದಿಂದ ಮನ್ಯಾಗ ನನ್ನ ಜೋಡಿ ಉಣ್ಣಾಕ ಕುಂದ್ರವಲ್ಲ” ಎಂದರು ಅಜ್ಜ, ಯಾರ ಕಡೆಗೂ ತಿರುಗದೆ. “ಊರ ಮಂದಿ ನನ್ನ ನಿರ್ಣಯ ಕೇಳ್ಯಾರ. ನಾ ಮಂದಿ ನಿರ್ಣಯ ಕೇಳಾಂಗಿಲ್ಲ ಅಂದ್ರ ನಾಳೆ ನನ್ನ ಕಟ್ಟಿಗೆ ಯಾರು ಬರ್ತಾರ? ಬರ್ತೀನಿ. ಆದ್ರ ನೀರ ಕುಡಿಯಾಂಗಿಲ್ಲ. ಕುಡೀಲೇಬೇಕಂತ ಠರಾವ ಐತೇನು?”

ಪ್ರಧಾನಿ ನಿಜವಾಗಿಯೂ ಯೋಚಿಸಿದಳು. “ಇಲ್ರಿ ಅಜ್ಜಾರ. ಹಂಗೇನೂ ಠರಾವ ಆಗಿಲ್ಲ.”

ಎಲ್ಲರನ್ನೂ, ನೀರಿನ ಹರವಿಯನ್ನೂ ಟ್ರಾಲಿಗೆ ಹತ್ತಿಸಿದೆವು. ದಾರಿಯುದ್ದಕ್ಕೂ ಅಜ್ಜ ನೀರಿನ ಬದಲು ಕಬ್ಬು ತಿಂದರು. ಅದಕ್ಕಾಗಿಯೇ ಒಂದು ಹೊರೆ ಕಬ್ಬನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಗಟ್ಟಿ ಹಲ್ಲು. ಸಿಪ್ಪೆ ಸೀಳಿ, ಜಗಿದು, ರಸ ಹೀರಿ, ಹೊರಗೆ ಉಗುಳುವುದು. ಬಿಸಿಲು ಏರಿದ ಹಾಗೆ ಕಬ್ಬೂ ಹೆಚ್ಚಿತು. ಉಳಿದವರು ಹರವಿಯಿಂದ ನೀರು ಕುಡಿದಾಗಲೆಲ್ಲ ಅವರ ಕಡೆಯಿಂದ ಕಬ್ಬು ಮುರಿಯುವ ಸಪ್ಪಳ ಜೋರಾಗುತ್ತಿತ್ತು.

ಧರ್ಮಶಾಲೆಯಲ್ಲಿ ಸಾಲಾಗಿ ಚಾಪೆ ಹಾಸಿದ್ದರು. ಮೊದಲು ರಕ್ತದ ಒತ್ತಡ ನೋಡಿದರು. ಆಮೇಲೆ ಕಣ್ಣೀರಿನ ನಾಳ ತೆರೆದಿದೆಯೇ ಎಂದು ಪರೀಕ್ಷಿಸಲು ಕಣ್ಣಿನ ಮೂಲೆಯಲ್ಲಿ ಮೊಂಡು ಸೂಜಿಯಿಂದ ಉಪ್ಪುನೀರು ಬಿಟ್ಟು, ಗಂಟಲಿಗೆ ಉಪ್ಪು ಬಂತೇ ಎಂದು ಕೇಳಿದರು. ಕಣ್ಣಿಗೆ ಹಾಕಿದ್ದು ಬಾಯಿಗೆ ಬಂದದ್ದು ಕಂಡು ಪ್ರಧಾನಿಯ ಆಯಿ, ಒಳಗೆಲ್ಲ ಒಂದೇ ಓಣಿ ಇದೆ ಎಂದು ಪಕ್ಕದವರಿಗೆಲ್ಲ ಸಾರಿದಳು. ಕೊನೆಯದು ಮೂತ್ರ ಪರೀಕ್ಷೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ನಾಲ್ಕೆಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಇಟ್ಟಂಗಿಯ ಕೆಂಪು, ಹೀಗೆ ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು. ಹೆಚ್ಚಿದ್ದರೆ ಗಾಯ ಮಾಯುವುದಿಲ್ಲ, ಆಪರೇಷನ್ ಇಲ್ಲ. ನಮ್ಮ ಮಂತ್ರಿಮಂಡಲವೆಲ್ಲ ದೀಪದ ಸುತ್ತ ನೆರೆದಿತ್ತು. ಒಂದೊಂದೇ ನಳಿಗೆ ನೀಲಿಯಾಗಿ ಉಳಿದಂತೆ ಚಪ್ಪಾಳೆ. ಪಂಚರಜ್ಜರ ನಳಿಗೆ ಕುದಿದು ಇಟ್ಟಂಗಿಯ ಹಾಗೆ ಕೆಂಪಾಯಿತು.

ಡಾಕ್ಟರು ಹುಬ್ಬು ಗಂಟಿಕ್ಕಿದರು. “ಅಜ್ಜಾರ, ಸಕ್ಕರಿ ರೋಗ ಐತೇನು?”

“ನನಗೇನೂ ಇಲ್ಲ.”

“ಇವತ್ತ ಏನ್ ತಿಂದ್ರಿ?”

ಮೊಮ್ಮಗ ಉತ್ತರ ಕೊಟ್ಟ. “ಕಬ್ಬು ರೀ.”

“ಎಷ್ಟು?”

ಹುಡುಗ ಎರಡೂ ತೋಳು ಚಾಚಿ ಹೊರೆಯ ಗಾತ್ರ ತೋರಿಸಿದ. ಡಾಕ್ಟರು ನಗು ತಡೆದುಕೊಂಡರು. ಇಷ್ಟು ಸಿಹಿ ತಿಂದರೆ ಕೆಲವರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳಬಹುದು, ರೋಗವೂ ಇರಬಹುದು, ನಾಳೆ ಮುಂಜಾನೆ ಮತ್ತೆ ನೋಡಬೇಕು ಎಂದರು. ಅಲ್ಲಿಯವರೆಗೆ ಸಿಹಿ ಮುಟ್ಟಬಾರದು, ಬರೀ ರೊಟ್ಟಿ ಪಲ್ಯ, ಮತ್ತೆ ಹೊಟ್ಟೆ ತುಂಬ ನೀರು.

“ಮಜ್ಜಿಗಿ ನಡೀತೈತೇನ್ರಿ?” ಎಂದರು ಅಜ್ಜ.

“ನೀರ ಬೇಕು.”

“ಎಳನೀರು?”

“ಅಜ್ಜಾರ, ಅದೂ ಸಿಹಿನ. ಬರೇ ನೀರು.”

ಡಾಕ್ಟರು ಮುಂದಿನವರ ಕಡೆ ಹೋದರು. ಅಜ್ಜ ಚಾಪೆಯ ಮೇಲೆ ಕೋಲು ತಿರುವುತ್ತ ಕೂತರು. ನಾನು ಸ್ವಲ್ಪ ದೂರದಲ್ಲಿ ರೊಟ್ಟಿ ಹಂಚುತ್ತಿದ್ದೆ. ಏನಾದರೂ ಹೇಳಬೇಕೆಂದು ನಾಲಿಗೆ ತುರಿಸಿತು, ಪ್ರಧಾನಿ ಕಣ್ಣಿನಲ್ಲೇ ಬೇಡವೆಂದಳು. ಸುಮಾರು ಹೊತ್ತಾದ ಮೇಲೆ ಅಜ್ಜನ ದನಿ ಕೇಳಿತು.

“ಏ ನೀರಿನ ಮಂತ್ರಿ.”

“ಏನ್ರಿ ಮುತ್ಯಾ.”

“ನಿನ್ನ ಖಾತೆ ಇನ್ನೂ ನಿನ್ನ ಕಡೇನ ಐತೇನು?”

“ಐತ್ರಿ.”

“ಹಂಗಾರ ಕೆಲಸಾ ಮಾಡು.”

ಹುಡುಗ ಸೌಟಿನಿಂದ ಲೋಟ ತುಂಬಿ, ಅವರ ಕೈ ಹುಡುಕಿ, ಬೆರಳುಗಳನ್ನು ಲೋಟದ ಸುತ್ತ ಕೂಡಿಸಿಕೊಟ್ಟ. ಅಜ್ಜ ಕುಡಿದು ಲೋಟ ಮುಂದೆ ಚಾಚಿದರು. ಅವನು ಮತ್ತೆ ತುಂಬಿದ. ಬೆಳಗಿನಿಂದ ಬಾಯಾರಿದ ಮನುಷ್ಯ ಎಷ್ಟು ಕುಡಿಯಬಲ್ಲನೆಂದು ಅವತ್ತು ನೋಡಿದೆ. ಮರುದಿನ ಮುಂಜಾನೆ ನಳಿಗೆ ಆಕಾಶದಂತೆ ನೀಲಿಯಾಗಿ ಉಳಿಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನೀರಿನ ಮಂತ್ರಿ.

ಆಪರೇಷನ್ನಿನ ನಂತರದ ವಾರ ನಿಜವಾದ ದುಡಿತ. ಬಗ್ಗಬಾರದು, ಕೆಮ್ಮಬಾರದು, ಸೀನಲೇಬಾರದು, ಸೀನಿದರೆ ಹೊಲಿಗೆ ಬಿಚ್ಚುತ್ತದೆ. ತಂಬಾಕು ಜಗಿಯುವುದಕ್ಕೆ ಅಡ್ಡಿಯಿಲ್ಲ, ನಶ್ಯ ಮಾತ್ರ ಕೂಡದು ಎಂದು ಡಾಕ್ಟರು ಹೇಳಿದ ಕೂಡಲೇ ಪ್ರಧಾನಿ ನಶ್ಯದ ಡಬ್ಬಿಗಳನ್ನೆಲ್ಲ ಜಪ್ತಿ ಮಾಡಿದಳು. ಮೊದಲ ಡಬ್ಬಿ ಅವಳ ಆಯಿಯದೇ. ಮಕ್ಕಳು ಪಾಳಿ ಹಚ್ಚಿ ಬಂದರು. ಊರಿನಲ್ಲಿ ಉಳಿದವರು ಎಮ್ಮೆ ಹಿಂಡಿದರು, ಆಡು ಮೇಯಿಸಿದರು. ಕ್ರಿಕೆಟ್ ಪಕ್ಷದವರು ಹಿಂಡಿದ ಎಮ್ಮೆಯೊಂದು ಆಮೇಲೆ ಯಾರನ್ನೂ ಹತ್ತಿರ ಸೇರಿಸಲಿಲ್ಲವೆಂಬ ದೂರು ನನಗೆ ಬಹಳ ದಿನ ಬರುತ್ತಿತ್ತು.

ಪಟ್ಟಿ ಬಿಚ್ಚುವ ದಿನ ಡಾಕ್ಟರು ಆಯಿಯ ಕಣ್ಣಿನ ಮುಂದೆ ತಾತ್ಕಾಲಿಕ ಗಾಜು ಹಿಡಿದು ಎರಡು ಬೆರಳು ಎತ್ತಿದರು. “ಎಷ್ಟು ಆಯಿ?”

“ಬೆರಳ ಇರ್ಲಿ ಬಿಡೋ ಮಗನ, ನಿನ್ನ ಅಂಗಿ ಗುಂಡಿ ಹರದೈತಿ. ಮನ್ಯಾಗ ಹೇಂತಿ ಇಲ್ಲೇನು?”

ಪ್ರಧಾನಿ ಮೊದಲ ಸಲ ನಮ್ಮೆದುರು ಅತ್ತಳು. ಅಷ್ಟು ದೊಡ್ಡ ಗಂಟಲಿನ ಹುಡುಗಿ ಸಪ್ಪಳವೇ ಇಲ್ಲದೆ ಅತ್ತಳು.

ಎಲ್ಲರಿಗೂ ಹಾಗಾಗಲಿಲ್ಲ. ನೀರಿನ ಮಂತ್ರಿಯ ಆಯಿಯ ಕಣ್ಣಿನಲ್ಲಿ ಒತ್ತಡ ಏರಿ ನರವೇ ಒಣಗಿತ್ತು, ಆಪರೇಷನ್ ಮಾಡಿ ಉಪಯೋಗವಿಲ್ಲವೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಊರಿಗೆ ಹೋಗು ಎಂದರೂ ಅವಳು ಹೋಗದೆ ವಾರವಿಡೀ ಉಳಿದು, ಪಟ್ಟಿ ಕಟ್ಟಿದವರಿಗೆಲ್ಲ ಕಾಣದೆ ನಡೆಯುವುದು ಹೇಗೆಂದು ಕಲಿಸಿದಳು. “ಪ್ಯಾಟಿ ವಾಸನಿ ತಗೊಂಡಂಗಾತು” ಎಂದಳು, ಮರಳಿ ಬರುವಾಗ. ಮೊಮ್ಮಗ ಅವಳ ಪಕ್ಕದಲ್ಲಿ ಕೂತು ರಸ್ತೆಯ ಮೇಲೆ ಕಂಡದ್ದನ್ನೆಲ್ಲ ಹೇಳುತ್ತ ಬಂದ.

ಮುಖ್ಯಾಧ್ಯಾಪಕರ ಫೋಟೋ ತಯಾರಾಗಿ ಬಂತು. ಮುದುಕರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತಿದ್ದಾರೆ. ನಡುವೆ ಮುಖ್ಯಾಧ್ಯಾಪಕರು, ಫೋಟೋ ಹೊಡೆಯುವ ಹೊತ್ತಿಗೆ ಅವರೂ ಕಣ್ಣು ಮುಚ್ಚಿಬಿಟ್ಟಿದ್ದರು.

ದಪ್ಪ ಗಾಜಿನ ಚಸ್ಮಾಗಳು ಬಂದ ಮೇಲೆ ಪಂಚರಜ್ಜರು ಊರೆಲ್ಲ ತಿರುಗಿ ತಪ್ಪು ತೋರಿಸತೊಡಗಿದರು. ನೀರಿನ ಮಂತ್ರಿಯನ್ನು ಕಂಡರೆ “ಏನ್ ಮಂತ್ರಿ” ಎಂದು ಮಾತಾಡಿಸುತ್ತಿದ್ದರು. ಆದರೆ ಅವರ ಮನೆಯ ಹೊರಗಿನ ಗೂಡಿನಲ್ಲಿ ಕಿವಿ ಮುರಿದ ಒಂದು ಪಿಂಗಾಣಿ ಕಪ್ಪು ಇತ್ತು. ಬೌದ್ಧರ ಓಣಿಯಿಂದ ಕೂಲಿಗೆ ಬಂದವರಿಗೆ ಅದರಲ್ಲೇ ಚಹಾ. ಕುಡಿದವರೇ ತೊಳೆದು ಬೋರಲು ಹಾಕಿಡಬೇಕು. ಅದು ಅಲ್ಲೇ ಇತ್ತು. ನಾನೂ ಆ ದಾರಿಯಲ್ಲಿ ಹೋಗುವಾಗ ನೋಡುತ್ತಿದ್ದೆ.

ಜೂನ್ ತಿಂಗಳಲ್ಲಿ ಮಕ್ಕಳು ಹತ್ತನೇ ಇಯತ್ತೆಗೆ ಬಂದರು, ಹೊಸ ಚುನಾವಣೆ ಆಯಿತು. ಕಬ್ಬಿನ ಮನೆಯ ಹುಡುಗ ಪ್ರಧಾನಿಯಾದ. ಸ್ವಲ್ಪದರಲ್ಲಿ ಸೋತ ನೀರಿನ ಮಂತ್ರಿ ವಿರೋಧ ಪಕ್ಷದ ನಾಯಕನಾದ. ಕುರಿ ಮನೆಯ ಹುಡುಗಿಯನ್ನು ಸಭಾಧ್ಯಕ್ಷೆ ಮಾಡಿದರು, ಆ ಗಂಟಲಿಗೆ ಬೇರೆ ಯಾವ ಹುದ್ದೆಯೂ ಒಪ್ಪುತ್ತಿರಲಿಲ್ಲ. ಆ ವರ್ಷ ನಾನು ಪ್ರಶ್ನೋತ್ತರ ವೇಳೆ ಶುರು ಮಾಡಿಸಿದೆ. ವಿರೋಧ ಪಕ್ಷ ಏನು ಬೇಕಾದರೂ ಕೇಳಬಹುದು, ಉತ್ತರಕ್ಕೆ ಸರಕಾರ ಒಂದು ವಾರ ಸಮಯ ಕೇಳಬಹುದು. ಮೊದಲ ದಿನವೇ ವಿರೋಧ ಪಕ್ಷದ ನಾಯಕ ಎದ್ದ.

“ಮಾನ್ಯ ಪ್ರಧಾನಿ ಅವರ ಮನಿ ಹೊರಗ ಗೂಡಿನ್ಯಾಗ ಒಂದು ಬ್ಯಾರೆ ಕಪ್ಪು ಐತಿ. ಇದು ಸರಕಾರಕ್ಕ ಗೊತ್ತೈತೇನ್ರಿ?”

ಪ್ರಧಾನಿಯ ಮುಖ ಕೆಂಪೇರಿತು. ಅವನು ನನ್ನ ಕಡೆ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಒಂದು ವಾರ ಸಮಯ ಬೇಕೆಂದು ಸಣ್ಣ ದನಿಯಲ್ಲಿ ಹೇಳಿ ಕೂತ.

ಮುಂದಿನ ವಾರ ಪ್ರಧಾನಿ ಎದ್ದು ನಿಂತಾಗ ಬಲಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

“ಕಪ್ಪು ಇದ್ದದ್ದು ಖರೆ ಐತ್ರಿ. ಈಗ ಇಲ್ಲ. ಒಡದೈತಿ.”

“ತಾನ ಬಿದ್ದು ಒಡೀತೋ, ಯಾರರ ಒಡದ್ರೋ?”

“ಸರಕಾರ ಒಡದೈತ್ರಿ.”

ವರ್ಗ ಹೋ ಎಂದಿತು. ಸಭಾಧ್ಯಕ್ಷೆ ‘ಶಾಂತಿ’ ಎಂದಳು, ಪಕ್ಕದ ವರ್ಗವೂ ಶಾಂತವಾಯಿತು.

“ಆವಾಗ ಮುತ್ಯಾರು ಎಲ್ಲಿದ್ರು?”

“ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ರು. ಚಸ್ಮಾ ಹಾಕ್ಕೊಂಡಿದ್ರು.”

“ಏನಂದ್ರು?”

ಪ್ರಧಾನಿ ಬೆರಳಿನ ಬಟ್ಟೆ ಸರಿಮಾಡಿಕೊಂಡ. “ಏನೂ ಅನ್ನಲಿಲ್ರಿ. ಚಸ್ಮಾ ತಗದು ಒರಸಾಕ ಹತ್ತಿದ್ರು. ನಾ ಎಲ್ಲಾ ಚೂರು ಆರಿಸಿ ಮುಗಿಸೂತನಾ ಒರಸಿಕೋತನ ಕುಂತಿದ್ರು.”

“ಈಗ ಚಹಾ ಯಾತರಾಗ ಕೊಡ್ತೀರಿ?”

“ಮನ್ಯಾಗಿನ ಸ್ಟೀಲಿನ ಲೋಟದಾಗ. ಎಲ್ಲಾರಿಗೂ ಅದ.”

ಸಭಾಧ್ಯಕ್ಷೆ ವಿರೋಧ ಪಕ್ಷದ ಕಡೆ ತಿರುಗಿದಳು. “ಉತ್ತರ ಸಮಾಧಾನ ಆತೇನು?”

ಅವನು ಪ್ರಧಾನಿಯ ಬೆರಳಿನ ಬಟ್ಟೆ ನೋಡಿದ.

“ಅರ್ಧಾ ಆತ್ರಿ. ಕಟ್ಟಿ ಮ್ಯಾಲ ಕುಂದರ್ಸಿ ಕೊಡ್ತಾರೋ, ಕೆಳಗ ನಿಂದರ್ಸಿ ಕೊಡ್ತಾರೋ, ಅದನ್ನ ಬರೂ ವಾರ ಕೇಳ್ತೀನಿ.”